ಡಬ್ಬಿಯ ಮೇಲಿನ ಮುಖ

ಜಂಬುನಾಥನ ಬೈಕು ಗೂಡ್ಸ್ ಆಟೋದ ಹಿಂದೆ ಹಗ್ಗ ಬಿಗಿಸಿಕೊಂಡು ಅಡ್ಡ ಮಲಗಿ ಬಂತು. ಜಂಬುನಾಥ ಮುಂದೆ ಡ್ರೈವರನ ಪಕ್ಕದಲ್ಲಿ ಬಲಗಾಲು ಚಾಚಿಕೊಂಡು ಕೂತಿದ್ದ. ಮೊಣಕಾಲಿನಿಂದ ಕೆಳಗೆ ಪೂರ್ತಿ ಪ್ಲಾಸ್ಟರು.

ಹಗರಿಬೊಮ್ಮನಹಳ್ಳಿಯಲ್ಲಿ ಹಡಗಲಿ ರಸ್ತೆಗಿದ್ದ ತನ್ನ ಗ್ಯಾರೇಜಿನಿಂದ ರೇಣುಕಾ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಜಂಬುನಾಥ ಅವಳಿಗೆ ಈ ಗ್ಯಾರೇಜಿಗೂ ಮೊದಲಿನ, ಹತ್ತು ವರ್ಷದ ಗಿರಾಕಿ. ದಿನಾ ಬೆಳಿಗ್ಗೆ ಹೂವಿನಹಡಗಲಿಯಿಂದ ಮಲ್ಲಿಗೆ ಬುಟ್ಟಿ ಹೇರಿಕೊಂಡು ಹಗರಿಬೊಮ್ಮನಹಳ್ಳಿಗೂ ಕೊಟ್ಟೂರಿಗೂ ಮುಟ್ಟಿಸುವವನು. ಐವತ್ತು ದಾಟಿದ ಆಳು, ಮಾತಿಗೊಮ್ಮೆ ‘ರೇಣವ್ವ’ ಅನ್ನುತ್ತಿದ್ದ. ಈವತ್ತು ಅವಳ ಮುಖವನ್ನೂ ನೋಡಲಿಲ್ಲ.

“ಏನಾತು ಜಂಬಣ್ಣ? ಕಾಲಿಗೇನಾತು?”

“ಗಾಡಿ ಇಳಿಸ್ಕೋ ಮೊದ್ಲು.”

ಇಳಿಸಿಕೊಂಡಳು. ಕಿಕ್ಕರಿನ ಮೇಲೆ ಕಾಲಿಟ್ಟು ಒತ್ತಿದರೆ ಅದು ಕಲ್ಲಿನ ಮೇಲೆ ಒತ್ತಿದ ಹಾಗೆ ನಿಂತಿತು. ಒಳಗೆ ಪಿಸ್ಟನ್ ಕಚ್ಚಿಕೊಂಡಿದೆ ಅನ್ನುವುದು ಅಷ್ಟರಲ್ಲೇ ತಿಳಿಯಿತು. ಪಕ್ಕದ ಮುಚ್ಚಳ ತೆಗೆದು ನೋಡಿದಳು. ಗಾಳಿ ಸೋಸುವ ಕಂಪನಿ ಡಬ್ಬಿ ಇರಬೇಕಾದ ಜಾಗ ಖಾಲಿ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಬಾಯಿಗೆ ನೇರವಾಗಿ ಒಂದು ಕೆಂಪು ಕೋನ್ ಫಿಲ್ಟರು ಸಿಕ್ಕಿಸಿ ಕ್ಲಾಂಪು ಬಿಗಿದಿದ್ದರು. ಅದರ ಜಾಲರಿಯ ತುಂಬ ನಮ್ಮ ಕಡೆಯ ಕೆಂಪು ಧೂಳು.

“ಇದನ್ನ ಯಾರು ಹಾಕಿದ್ರು?”

“ನೀನ.”

“ನಾನೆಲ್ಲಿ ಹಾಕೀನಿ ಜಂಬಣ್ಣ?”

ಜಂಬುನಾಥ ಹೂವಿನ ಚೀಲದೊಳಗೆ ಕೈ ಹಾಕಿ ಚಪ್ಪಟೆಯಾಗಿ ಮಡಚಿದ ಒಂದು ರಟ್ಟಿನ ಡಬ್ಬಿ ತೆಗೆದು ಅವಳ ಮುಂದೆ ಹಿಡಿದ. ಅದರ ಮೇಲೆ ಅವಳ ಫೋಟೋ ಇತ್ತು. ಎಂಟು ವರ್ಷದ ಕೆಳಗೆ ಈ ಗ್ಯಾರೇಜು ತೆರೆದ ದಿನ ತೆಗೆದದ್ದು. ಹೊಸ ನೀಲಿ ಅಂಗಿ, ಕೈಯಲ್ಲಿ ಸ್ಕ್ರೂಡ್ರೈವರು, ಬಾಯಿ ತುಂಬ ನಗು. ಕೆಳಗೆ ದಪ್ಪ ಅಕ್ಷರದಲ್ಲಿ: ‘ರೇಣುಕಕ್ಕ ಮೆಚ್ಚಿದ ಫಿಲ್ಟರ್. ಹತ್ತೇ ನಿಮಿಷದಲ್ಲಿ ನೀವೇ ಹಾಕಿಕೊಳ್ಳಿ.’

“ನಿನ್ನ ಮುಖ ನೋಡಿ ತಗೊಂಡೆ,” ಅಂದ ಜಂಬುನಾಥ. “ಹಡಗಲಿ ಏರಿನ ಮ್ಯಾಲ ಗಾಲಿ ಒಮ್ಮೆಗೇ ಗಪ್ಪನ ನಿಂತ್ವು. ಹೂವು ಒಂದು ಕಡಿ, ನಾನೊಂದು ಕಡಿ.”

ಆಟೋ ತಿರುಗಿ ಹೋಯಿತು. ರೇಣುಕಾ ಡಬ್ಬಿ ಹಿಡಿದುಕೊಂಡು ರಸ್ತೆಯಲ್ಲೇ ನಿಂತಿದ್ದಳು. ಡಬ್ಬಿಯ ತಳದಲ್ಲಿ ಸಣ್ಣದಾಗಿ ಕೊಟ್ಟೂರಿನ ವಿಳಾಸವಿತ್ತು. ಗಂಗಾಧರಣ್ಣನ ಅಂಗಡಿ.

*

ರೇಣುಕಾ ತಂಬ್ರಹಳ್ಳಿಯವಳು. ಕುರಿ ಕಾಯುವ ಮನೆತನ. ಅಪ್ಪ ಓಬಳೇಶಪ್ಪನ ಸೀಮೆಎಣ್ಣೆ ಪಂಪ್‌ಸೆಟ್ಟಿನ ಕಾರ್ಬೊರೇಟರನ್ನು ಬಿಚ್ಚಿ ಜೋಡಿಸುತ್ತಲೇ ಅವಳಿಗೆ ಈ ಹುಚ್ಚು ಹಿಡಿದದ್ದು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಕೆಲಸ ಕಲಿಸಿರೆಂದು ಕೊಟ್ಟೂರಿನ ಗ್ಯಾರೇಜುಗಳ ಬಾಗಿಲಿಗೆಲ್ಲ ಹೋದಳು. ಒಬ್ಬ ನಕ್ಕ, ಒಬ್ಬ ಚಹಾ ತಂದುಕೊಡಲು ಹೇಳಿದ, ಇನ್ನೊಬ್ಬ ಕೇಳಿಸಿಕೊಳ್ಳಲೇ ಇಲ್ಲ. ಸ್ಪೇರ್ ಪಾರ್ಟ್ಸ್ ಅಂಗಡಿಯ ಗಂಗಾಧರನೊಬ್ಬನೇ ತನ್ನ ಅಂಗಡಿಯ ಮುಂದಿನ ತಗಡಿನ ನೆರಳಿಗೆ ಒಂದು ಸ್ಟೂಲು ಹಾಕಿಸಿಕೊಟ್ಟ. “ಇಲ್ಲಿ ಕೂಡವ್ವ. ನಗೋರು ನನ್ನ ಮುಖ ನೋಡಿ ನಗ್ಲಿ,” ಅಂದಿದ್ದ.

ಆರು ವರ್ಷ ಅಲ್ಲಿ ಕೂತಳು. ಗಂಗಾಧರ ಹೊಸಪೇಟೆಯಿಂದ ಅವಳಿಗಾಗಿ ಕಾರ್ಬೊರೇಟರಿನೊಳಗೆ ಪೆಟ್ರೋಲು ಅಳೆದು ಬಿಡುವ ಜೆಟ್ಟುಗಳ ಸೆಟ್ಟು ತರಿಸಿದ. ಅವಳ ಕೆಲಸ ಸರಿಯಿಲ್ಲವೆಂದು ಜಗಳಕ್ಕೆ ಬಂದವರನ್ನು ತಾನೇ ಎದುರಿಸಿ ಕಳಿಸಿದ. ಹಗರಿಬೊಮ್ಮನಹಳ್ಳಿಯಲ್ಲಿ ಅವಳು ಸ್ವಂತ ಗ್ಯಾರೇಜು ಇಟ್ಟಾಗ ಕಾಯಿ ಒಡೆದವನೂ ಅವನೇ. ಪಂಚಮಿಗೆ ಅವನ ಹೆಂಡತಿ ಪುಷ್ಪಲತಾ ತಪ್ಪದೆ ಉಂಡಿ ಕಟ್ಟಿ ಕಳಿಸುತ್ತಿದ್ದಳು. ರೇಣುಕಾಳಿಗೆ ಒಡಹುಟ್ಟಿದ ಅಣ್ಣಂದಿರಿರಲಿಲ್ಲ. ಅಣ್ಣ ಅಂದರೆ ಗಂಗಾಧರ.

ಈಗ ಬರುವ ಗಾಡಿಗಳಿಗೆ ಕಾರ್ಬೊರೇಟರೇ ಇಲ್ಲ. ಇಂಧನ ಚಿಮ್ಮಿಸುವುದೆಲ್ಲ ಕಂಪ್ಯೂಟರಿನ ಲೆಕ್ಕ. ಹೊಸ ಮೆಕ್ಯಾನಿಕ್ಕುಗಳಿಗೆ ಹಳೇ ಗಾಡಿ ಕೈಗೆ ಬಂದರೆ ದಿಕ್ಕು ತೋಚುವುದಿಲ್ಲ. ಹಾಗಾಗಿ ಕೂಡ್ಲಿಗಿ, ಹರಪನಹಳ್ಳಿಯಿಂದಲೂ ಜನ ಕಾರ್ಬೊರೇಟರ್ ಗಾಡಿಯೆಂದರೆ ರೇಣುಕಾಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ಹೋದ ಶ್ರಾವಣದಲ್ಲಿ ಗಂಗಾಧರ ಈ ಕೆಂಪು ಫಿಲ್ಟರು ಒಂದನ್ನು ಹಿಡಿದುಕೊಂಡು ಗ್ಯಾರೇಜಿಗೆ ಬಂದಿದ್ದ. “ಹಾಕಿ ತೋರ್ಸು ತಂಗಿ, ವಿಡಿಯೋ ಮಾಡ್ಕೋತೀನಿ. ಜನಕ್ಕ ತಿಳೀಲಿ,” ಅಂದ. ಅವಳು ತನ್ನದೇ ಬೈಕಿಗೆ ಹಾಕಿ ತೋರಿಸಿದಳು. ಸುಮ್ಮನೆ ಹಾಕಲಿಲ್ಲ. ಗಾಳಿ ಜಾಸ್ತಿ ಬಂದರೆ ಪೆಟ್ರೋಲೂ ಜಾಸ್ತಿ ಬರಬೇಕೆಂದು ಕಾರ್ಬೊರೇಟರಿನ ಮುಖ್ಯ ಜೆಟ್ಟು ತೆಗೆದು ದೊಡ್ಡ ತೂತಿನದು ಹಾಕಿದಳು. ಅದಕ್ಕೆಂದೇ ಒಳಗಿನ ಸೂಜಿಯ ಕ್ಲಿಪ್ಪನ್ನೂ ಒಂದು ಗೆರೆ ಕೆಳಗಿಳಿಸಿದಳು. ತಂಬ್ರಹಳ್ಳಿಯವರೆಗೆ ಓಡಿಸಿಕೊಂಡು ಬಂದು, ಪ್ಲಗ್ಗು ಬಿಚ್ಚಿ ಅದರ ತುದಿಯ ಬಣ್ಣ ಕ್ಯಾಮೆರಾಕ್ಕೆ ಹಿಡಿದಳು: ಬೆಳ್ಳಗಿದ್ದರೆ ಎಂಜಿನ್ನು ಬೇಯುತ್ತಿದೆ, ಕಂದು ಬಣ್ಣ ಬಂದರೆ ಸರಿ. ಈ ಜಾಲರಿ ನಮ್ಮ ಧೂಳನ್ನು ತಡೆಯುವುದಿಲ್ಲ, ಮೇಲೆ ಎಣ್ಣೆ ಹಚ್ಚಿದ ಸ್ಪಂಜು ಹೊದಿಸಬೇಕು, ಭಾರ ಹೇರುವ ಗಾಡಿಗೆ ಮಾತ್ರ ಯಾರೂ ಹಾಕಲೇಬಾರದು ಎಂದೂ ಹೇಳಿದಳು. ಎಲ್ಲಾ ಸೇರಿ ನಲವತ್ತು ನಿಮಿಷವಾಗಿತ್ತು. ಮರುದಿನ ಅವಳು ಫಿಲ್ಟರು ಕಿತ್ತು ತನ್ನ ಗಾಡಿಗೆ ಮೊದಲಿನ ಗಾಳಿಯ ಡಬ್ಬಿಯನ್ನೇ ಕೂರಿಸಿಕೊಂಡಳು.

ಆಮೇಲೆ ಆ ವಿಡಿಯೋವನ್ನು ಅವಳು ನೋಡಿರಲೇ ಇಲ್ಲ. “ನಿಮ್ಮ ವಿಡಿಯೋ ನೋಡಿದ್ವಿ ಅಕ್ಕಾರ” ಎಂದು ಗಿರಾಕಿಗಳು ಹೇಳಿದಾಗ ಖುಷಿಪಟ್ಟಿದ್ದಳು ಅಷ್ಟೆ. ಅಣ್ಣ ಹಾಕಿದ್ದು, ಅದರಲ್ಲಿ ನೋಡುವುದೇನಿದೆ?

ಈಗ ಜಂಬುನಾಥನ ಗಾಡಿಯ ಪಕ್ಕ ಕೂತು ಫೋನು ತೆಗೆದು ನೋಡಿದಳು. ಒಂದು ನಿಮಿಷವೂ ಇರಲಿಲ್ಲ. ಹಿಂದೆ ಡೊಳ್ಳಿನ ಸದ್ದು. ಅವಳ ಕೈ ಹಳೇ ಡಬ್ಬಿ ಕಿತ್ತು ಪಕ್ಕಕ್ಕೆ ಎಸೆಯುತ್ತದೆ, ಕೆಂಪು ಫಿಲ್ಟರು ಸಿಕ್ಕಿಸುತ್ತದೆ, ಕ್ಲಾಂಪು ಬಿಗಿಯುತ್ತದೆ. ಅವಳ ಮುಖ ಬರುತ್ತದೆ. “ಗಾಡಿ ಹಗುರಾಗಿ ಉಸಿರಾಡ್ತೈತಿ,” ಅನ್ನುತ್ತದೆ. ಅಲ್ಲಿಗೆ ಮುಗಿಯಿತು. ಅವಳು ಅವತ್ತು ಅಲ್ಲಿ ನಿಲ್ಲಿಸಿರಲಿಲ್ಲ. ‘ಆದ್ರ ಜೆಟ್ಟು ಬದಲಿ ಮಾಡ್ಲಿಲ್ಲಂದ್ರ ಒಳಗ ಸುಟ್ಟು ಹೋಗ್ತೈತಿ’ ಎಂದು ಒಂದೇ ಉಸಿರಿನಲ್ಲಿ ಹೇಳಿದ್ದಳು.

ಎಂಜಿನ್ನು ಬಿಚ್ಚಿದಳು. ಪ್ಲಗ್ಗಿನ ತುದಿ ಸುಣ್ಣದಷ್ಟು ಬೆಳ್ಳಗಿತ್ತು. ಸಿಲಿಂಡರಿನ ಒಳಗೋಡೆಯ ಮೇಲೆ ಧೂಳು ಎಳೆದ ಗೀರುಗಳು ಬೆರಳಿಗೆ ತಾಗುತ್ತಿದ್ದವು. ಸವೆದ ರಿಂಗುಗಳ ಸಂದಿನಿಂದ ಆಯಿಲ್ಲೆಲ್ಲ ಉರಿದು ಹೋಗಿ ತಳದಲ್ಲಿ ಒಂದು ಚಮಚೆಯಷ್ಟು ಕಪ್ಪು ರಾಡಿ ಉಳಿದಿತ್ತು. ಕಳೆದ ಎರಡು ತಿಂಗಳಲ್ಲಿ ಇಂಥ ಫಿಲ್ಟರಿನ ಗಾಡಿಗಳು ನಾಲ್ಕೈದು ಬಂದಿದ್ದವು, ಸೈಲೆನ್ಸರಿನಲ್ಲಿ ಪಟಪಟ ಸಿಡಿಯುತ್ತ. ಯಾರೋ ಏನೋ ಹಾಕಿಕೊಂಡಿದ್ದಾರೆ ಎಂದು ಸರಿಮಾಡಿ ಕಳಿಸಿದ್ದಳೇ ಹೊರತು ಎಲ್ಲಿಂದ ತಂದಿರಿ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಅವರು ಅವಳನ್ನು ಒಂಥರಾ ನೋಡಿದ್ದು ಈಗ ನೆನಪಾಯಿತು.

*

ಮಧ್ಯಾಹ್ನವೇ ಕೊಟ್ಟೂರಿಗೆ ಹೋದಳು. ಗಂಗಾಧರ ಅಂಗಡಿಯಲ್ಲಿರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಪುಷ್ಪಲತಾ ಕೂತಿದ್ದಳು. ಅವಳ ಹಿಂದಿನ ಕಪಾಟಿನ ತುಂಬ ರೇಣುಕಾಳ ಮುಖಗಳು, ಒಂದರ ಮೇಲೊಂದು, ಎಲ್ಲವೂ ನಗುತ್ತಿದ್ದವು.

“ಬಾರವ್ವ, ಈಗ ನೆನಸ್ತಿದ್ದೆ ನಿನ್ನ,” ಎಂದು ಪುಷ್ಪಲತಾ ಎದ್ದಳು. “ನಿಮ್ಮಣ್ಣ ಊಟಕ್ಕ ಹೋಗ್ಯಾರ, ಬರ್ತಾರ. ಅಷ್ಟರಾಗ ನಮ್ಮ ಗಾಡಿ ಒಂಚೂರು ನೋಡು. ಮುಂಜಾನಿಂದ ಸ್ಟಾರ್ಟ್ ಆಗವಲ್ದು. ನಾ ಚಾ ತರ್ತೀನಿ.”

ಬೈಕು ಅಂಗಡಿಯ ಮುಂದೆಯೇ ನಿಂತಿತ್ತು. ಜಂಬುನಾಥನದೂ ಅದೇ ಮಾದರಿ. ರೇಣುಕಾ ಅಭ್ಯಾಸಬಲದಿಂದ ಕೂತು ಪಕ್ಕದ ಮುಚ್ಚಳ ತೆಗೆದಳು. ಒಳಗೆ ಕಂಪನಿಯ ಕರಿ ಡಬ್ಬಿ, ಅದರೊಳಗೆ ಹೊಚ್ಚ ಹೊಸ ಕಂಪನಿ ಫಿಲ್ಟರು, ಇನ್ನೂ ಅರಿಶಿನ ಬಣ್ಣ ಮಾಸಿರಲಿಲ್ಲ. ಡಬ್ಬಿಯ ಅಂಚಿಗೆ ಧೂಳು ನುಗ್ಗದಂತೆ ಯಾರೋ ಮುತುವರ್ಜಿಯಿಂದ ಗ್ರೀಸು ಸವರಿದ್ದರು. ಹಾಗೆ ಸವರಬೇಕೆಂದು ಗಂಗಾಧರನಿಗೆ ಹೇಳಿಕೊಟ್ಟವಳು ಅವಳೇ.

“ಯಾವಾಗ ಬಂದಿ ತಂಗಿ?”

ಗಂಗಾಧರ ಹಿಂದೆ ನಿಂತಿದ್ದ. ವಿಭೂತಿ, ಇಸ್ತ್ರಿಯ ಬಿಳಿ ಅಂಗಿ, ಎಂದಿನ ತುಂಬು ನಗು.

“ಅಣ್ಣ, ನಿನ್ನ ಗಾಡಿಗೆ ಯಾಕ ಹಾಕ್ಕೊಂಡಿಲ್ಲ ಆ ಫಿಲ್ಟರು?”

“ನಂದೇನವ್ವ, ದಿನಾ ಹೊಲಕ್ಕ ಹೋಗಿ ಬರೋ ಗಾಡಿ. ಅಲ್ಲಿ ಧೂಳು...” ಎಂದವನು ನಡುವೆಯೇ ನಿಲ್ಲಿಸಿದ.

“ಜಂಬುನಾಥನ ಗಾಡಿ ಎಲ್ಲಿ ಓಡ್ತಿತ್ತು, ಗಾಜಿನ ಮ್ಯಾಲೇನು? ಎಂಜಿನ್ ಕಚ್ಕೊಂಡು ಬಿದ್ದು ಕಾಲು ಮುರಕೊಂಡಾನ. ‘ನಿನ್ನ ಮುಖ ನೋಡಿ ತಗೊಂಡೆ’ ಅಂತ ನನಗ ಹೇಳ್ಯಾನ.”

ಗಂಗಾಧರ ಲೊಚಗುಟ್ಟಿದ. ನಿಜವಾಗಿಯೂ ನೊಂದವನಂತೆ ಕಂಡ. “ಪಾಪ. ಹಂಗಾಗಬಾರದಿತ್ತು. ಆದ್ರ ಜೆಟ್ಟು ಹಾಕಿಸ್ಕೊಳ್ಳದ ಓಡ್ಸಿದ್ರ ಯಾರೇನು ಮಾಡಾಕಾಗ್ತೈತಿ?”

“ಜೆಟ್ಟಿನ ಮಾತು ಎಲ್ಲೈತಿ ಅದರಾಗ? ಎಲ್ಲಾ ಕತ್ತರಿಸೀಯಲ್ಲ.”

“ನಲವತ್ತು ನಿಮಿಷದ್ದು ಯಾರು ನೋಡ್ತಾರವ್ವ? ಜನಕ್ಕ ಒಂದು ನಿಮಿಷ ಸಾಕು. ನೀ ಹೇಳಿದ್ದಾ ಮಾತು ಅದು. ನಾನೇನರ ಸುಳ್ಳು ಸೇರಿಸೀನಾ?”

“ಸುಳ್ಳು ಸೇರಿಸಿಲ್ಲ. ಖರೇ ತಗದು ಒಗದೀ. ಅದಿರ್ಲಿ, ಡಬ್ಬಿ ಮ್ಯಾಲ ನನ್ನ ಮುಖ ಹಾಕಾಕ ನನ್ನ ಕೇಳಿದ್ಯಾ?”

ಗಂಗಾಧರನ ನಗು ಮೊದಲ ಸಲ ಸಣ್ಣದಾಯಿತು. “ಕೇಳೋದೇನೈತಿ ರೇಣುಕಾ? ಆ ಮುಖ ಯಾರಿಗೆ ಗೊತ್ತಿತ್ತು? ನಾ ಇಲ್ಲಿ ಕೂಡ್ಸಿದ್ದಕ್ಕ ಊರಿಗೆ ಗೊತ್ತಾತು. ಅದರಾಗ ನಂದೂ ಪಾಲೈತಿ ಅಂತ ತಿಳ್ಕೊಂಡಿದ್ದೆ.”

ಅವನು ಕೂಡಿಸಿದ್ದಕ್ಕೇ ಅವಳ ಮುಖ ಊರಿಗೆ ಗೊತ್ತಾಯಿತು ಅನ್ನುವುದು ನಿಜವೇ ಆಗಿತ್ತು. ಅವತ್ತು ನೆರಳು ಕೊಟ್ಟವನು ಒಬ್ಬ, ಇವತ್ತು ಎದುರಿಗೆ ನಿಂತವನು ಇನ್ನೊಬ್ಬ ಆಗಿದ್ದರೆ ಬೈಯುವುದು ಸುಲಭವಿತ್ತು.

ಪುಷ್ಪಲತಾ ಚಹಾದ ಗ್ಲಾಸು ಹಿಡಿದು ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ರೇಣುಕಾ ಮತ್ತೆ ಕೂತು, ಗಾಡಿಯ ಪ್ಲಗ್ಗು ತೆಗೆದು ಮರಳು ಕಾಗದದಲ್ಲಿ ಉಜ್ಜಿ ಹಾಕಿ, ಐಡ್ಲಿಂಗಿನ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಒಂದೇ ಒದೆತಕ್ಕೆ ಸ್ಟಾರ್ಟ್ ಮಾಡಿದಳು. ಬಿಚ್ಚಿದ ಗಾಡಿಯನ್ನು ಹಾಗೇ ಬಿಟ್ಟು ಹೋಗುವುದು ಅವಳಿಂದ ಆಗುವ ಕೆಲಸವಾಗಿರಲಿಲ್ಲ. ಎಂಜಿನ್ನು ಓಡುತ್ತಿರುವಂತೆಯೇ ಬಿಟ್ಟು, ಚಹಾ ಮುಟ್ಟದೆ ಹೊರಟಳು.

*

ಜಂಬುನಾಥನ ಗಾಡಿಗೆ ಪಿಸ್ಟನ್ನು, ರಿಂಗು ಹೊಸಪೇಟೆಯಿಂದ ಬರುತ್ತಿದ್ದವು. ಗೀರು ಬಿದ್ದ ಸಿಲಿಂಡರನ್ನು ಕೊರೆದು ನಯ ಮಾಡಲು ಲೇತಿನವನಿದ್ದ. ಸಿಗದಿದ್ದದ್ದು ಗಾಳಿಯ ಡಬ್ಬಿ. ಅಷ್ಟು ಹಳೇ ಗಾಡಿಯ ಆ ಪ್ಲಾಸ್ಟಿಕ್ಕಿನ ಡಬ್ಬಿಯನ್ನು ಕಂಪನಿ ಬಿಡುವುದು ನಿಂತು ಎಷ್ಟೋ ಕಾಲವಾಗಿತ್ತು. ಜಂಬುನಾಥನೋ ವಿಡಿಯೋದಲ್ಲಿ ಕಂಡ ಹಾಗೆ ಅದನ್ನು ಕಿತ್ತು ಎಸೆದಿದ್ದ. ಎರಡು ದಿನ ಬಿಟ್ಟು ರೇಣುಕಾ ಕೂಡ್ಲಿಗಿಗೆ ಹೋದಳು. ಅಲ್ಲಿ ಹೆದ್ದಾರಿಯ ಮಗ್ಗುಲಲ್ಲಿ ಅಂಜಿನೇಯಲುವಿನ ಗುಜರಿ; ಮುರಿದ ಗಾಡಿಗಳ ಯಾವ ಭಾಗ ಬೇಕಾದರೂ ಸಿಗುವ ಜಾಗ.

ದಾರಿಯಲ್ಲಿ ಗಂಗಾಧರನ ಪರವಾಗಿ ಅವಳೇ ವಾದ ಮಾಡಿಕೊಳ್ಳುತ್ತಿದ್ದಳು. ಅವನು ವ್ಯಾಪಾರಸ್ಥ. ಎಂಜಿನ್ನಿನ ಒಳಗು ಅವನಿಗೇನು ಗೊತ್ತು? ಯಾರೋ ವಿಡಿಯೋ ಸಣ್ಣದಿರಲಿ ಅಂದಿರುತ್ತಾರೆ, ಕತ್ತರಿಸಿದ್ದಾನೆ. ಹೀಗಾಗುತ್ತದೆ ಎಂದು ತಿಳಿದಿರಲಿಕ್ಕಿಲ್ಲ.

ಅಂಜಿನೇಯಲು ಅವಳು ಕೇಳಿದ್ದಕ್ಕೆ ಕೈಯಾಡಿಸಿದ. “ಲೇದಮ್ಮ, ಒಂದೂ ಉಳಿದಿಲ್ಲ. ನಿಮ್ಮ ಕೊಟ್ಟೂರು ಗಂಗಾಧರಣ್ಣ ಇದ್ದುವೆಲ್ಲಾ ಆಟೋಕ್ಕ ಹೇರಿಸ್ಕೊಂಡು ಹೋದ್ರು.”

“ಯಾವಾಗ?”

“ಯುಗಾದಿಗಿಂತ ಮುಂಚೆ.”

ಅವಳ ಮುಖದ ಕೆಂಪು ಫಿಲ್ಟರುಗಳು ಅಂಗಡಿಗೆ ಬಂದದ್ದು ಯುಗಾದಿಯ ಮೇಲೆ ಎಂದು ಜಂಬುನಾಥ ಫೋನಿನಲ್ಲಿ ಹೇಳಿದ್ದ. ರೇಣುಕಾ ಮತ್ತೊಮ್ಮೆ ಕೇಳಿದಳು. “ಮುಂಚೇನಾ? ನೆನಪೈತಾ?”

“ಐತಮ್ಮ. ಇಷ್ಟು ತಗೊಂಡು ಏನು ಮಾಡ್ತೀರಿ ಅಂದೆ. ‘ಇನ್ನೊಂದು ಮೂರು ತಿಂಗ್ಳು ತಡಿ ಅಂಜಿನೇಯಲು, ಜನ ಇದನ್ನ ಹುಡುಕ್ಕೊಂಡು ಓಡಿ ಬರ್ತಾರ’ ಅಂದ್ರು. ನಂಗೇನು ಅರ್ಥ ಆಗ್ಲಿಲ್ಲ. ಹರಪನಹಳ್ಳಿ ಗುಜರಿದೂ ಅವರಾ ತಗೊಂಡಾರಂತ.”

ಹಳೇ ಟೈರಿನ ರಾಶಿಯ ಮೇಲೆ ರೇಣುಕಾ ಕೂತುಬಿಟ್ಟಳು. ಅಂಜಿನೇಯಲು ನೀರು ತಂದುಕೊಟ್ಟ. ಅವಳು ತಂಬಿಗೆ ಹಿಡಿದುಕೊಂಡೇ ಇದ್ದಳು.

ಅವನಿಗೆ ಗೊತ್ತಿತ್ತು. ಫಿಲ್ಟರು ಹಾಕಿದ ಗಾಡಿಗಳು ಮೂರು ತಿಂಗಳಲ್ಲಿ ಕೆಡುತ್ತವೆ, ಕೆಟ್ಟವರು ಹಳೇ ಡಬ್ಬಿ ಹುಡುಕುತ್ತಾರೆ ಎಂದು ಮೊದಲೇ ಗೊತ್ತಿತ್ತು. ಗೊತ್ತಾಗಿದ್ದು ಅವಳಿಂದಲೇ. ಆ ನಲವತ್ತು ನಿಮಿಷ ಅವಳು ಹೇಳಿದ ಒಂದೊಂದು ಎಚ್ಚರಿಕೆಯನ್ನೂ ಅವನು ಕಿವಿಗೊಟ್ಟು ಕೇಳಿದ್ದ. ‘ಹೌದಾ ತಂಗಿ? ಎಷ್ಟು ದಿನಕ್ಕ ಕೆಡ್ತೈತಿ ಅಂತಿ?’ ಎಂದು ಕೇಳಿದ್ದ ಕೂಡ. ಎಷ್ಟು ಕಾಳಜಿ ಈ ಮನುಷ್ಯನಿಗೆ ಎಂದು ಅವಳು ಅಂದುಕೊಂಡಿದ್ದಳು.

ಅಲ್ಲಿ ಅವಳಿಗೆ ಅಳು ಬಂತು. ಕೊಟ್ಟೂರಿನಲ್ಲಿ ಬಂದಿರಲಿಲ್ಲ.

*

ಕೊಟ್ಟೂರಿಗೆ ಹೋಗಿ ಅವನ ಹತ್ತಿರ ಡಬ್ಬಿ ಕೊಳ್ಳುವುದು ಅವಳಿಂದ ಸಾಧ್ಯವಿರಲಿಲ್ಲ. ಅದೇ ಮಾದರಿಯ ತನ್ನ ಬೈಕಿನ ಡಬ್ಬಿಯನ್ನೇ ಬಿಚ್ಚಿ ಜಂಬುನಾಥನ ಗಾಡಿಗೆ ಹಾಕಿದಳು. ಅವಳ ಬೈಕು ಮೂಲೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ನಿಂತಿತು.

ಜಂಬುನಾಥ ಕೊಟ್ಟ ರಟ್ಟನ್ನು ಗ್ಯಾರೇಜಿನ ಗೋಡೆಗೆ ಅಂಟಿಸಿ, ಕೆಳಗೆ ಇದ್ದಿಲಿನಲ್ಲಿ ಬರೆದಳು: ‘ಈಕೆ ನಾನೇ. ಈ ಮಾತು ನನ್ನದಲ್ಲ. ಈ ಫಿಲ್ಟರು ಹಾಕಿಸಿಕೊಂಡವರು ಬನ್ನಿ, ತೆಗೆದುಕೊಡುತ್ತೇನೆ.’ ಫೋನನ್ನು ಆಯಿಲ್ ಡಬ್ಬಕ್ಕೆ ಆನಿಸಿಟ್ಟು, ಜೆಟ್ಟು, ಧೂಳು, ಪ್ಲಗ್ಗಿನ ಬಣ್ಣ ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿ ತಾನೇ ಒಂದು ವಿಡಿಯೋ ಹಾಕಿದಳು. ಡೊಳ್ಳಿನ ಸದ್ದಿನ ವಿಡಿಯೋ ನೋಡಿದವರಲ್ಲಿ ನೂರಕ್ಕೊಬ್ಬರೂ ಅದನ್ನು ನೋಡಲಿಲ್ಲ.

ಬಂದವರೆಲ್ಲ ನಂಬಲೂ ಇಲ್ಲ. ಹರಪನಹಳ್ಳಿಯ ಗುರುಶಾಂತ ಎಂಬ ಮೇಷ್ಟ್ರು ಹೊಗೆ ಕಾರುವ ಗಾಡಿ ತಂದು ನಿಲ್ಲಿಸಿ, “ಆವಾಗ ಹಾಕ್ಕೊಳ್ಳಿ ಅಂದ್ರಿ, ಈಗ ತೆಗೀರಿ ಅಂತೀರಿ. ಎರಡೂ ಕಡೆ ನಿಮ್ಮ ಕೆಲ್ಸ ನಡೀತೈತಿ ನೋಡ್ರಿ,” ಅಂದರು. ಅವಳು ಗಾಡಿ ಸರಿಮಾಡಿದಳು. ಹಳೇ ಡಬ್ಬಿ ಎಲ್ಲಿ ಸಿಗುತ್ತದೆ ಎಂದಾಗ ನೇರವಾಗಿ ಹೇಳಿದಳು: “ಕೊಟ್ಟೂರಾಗ ಗಂಗಾಧರನ ಅಂಗಡಿಯಾಗ ಐತಿ. ಯಾವಾಗ ತಂದಿಟ್ಕೊಂಡಿ ಅಂತ ಅವನ್ನ ಕೇಳ್ರಿ.”

ಎಷ್ಟು ಜನ ಕೇಳಿದರೋ ಗೊತ್ತಿಲ್ಲ. ಡಬ್ಬಿಯ ಮೇಲೆ ಅವಳ ಫೋಟೋ ಹೋಗಿ ಹೆಲ್ಮೆಟ್ಟು ಹಾಕಿದ ಯಾವನೋ ರೇಸಿನವನ ಚಿತ್ರ ಬಂತು ಅನ್ನುವ ಸುದ್ದಿ ಮಾತ್ರ ಬಂತು. ಅಂಗಡಿ ಎಂದಿನಂತೆಯೇ ನಡೆದಿತ್ತು.

*

ಹೊಸ ಪಿಸ್ಟನ್ನು ಪಳಗಲಿ ಎಂದು ರೇಣುಕಾ ಮೂರು ವಾರ ತಂಬ್ರಹಳ್ಳಿಗೆ ಅದೇ ಗಾಡಿಯಲ್ಲಿ ನಿಧಾನವಾಗಿ ಹೋಗಿ ಬಂದಳು. ಪ್ಲಾಸ್ಟರು ಬಿಚ್ಚಿದ ಮೇಲೆ ಜಂಬುನಾಥ ಹೆಂಡತಿ ಶಿವಬಸಮ್ಮನ ಜೊತೆ ಬಸ್ಸಿನಲ್ಲಿ ಬಂದ. ಕೈಯಲ್ಲಿ ಕೋಲಿತ್ತು. ಗಾಡಿಯ ಸುತ್ತ ಒಂದು ಸುತ್ತು ಬಂದು, ಗೋಡೆಯ ಮೇಲಿನ ಬರಹ ಓದಿಕೊಂಡು, ಹಿಂದಿನ ಸೀಟಿನ ಮೇಲೆ ಕೈಯಿಟ್ಟ.

“ನೀ ಹೊಡಿ. ನಾ ಹಿಂದ ಕೂಡ್ತೀನಿ.”

“ಕಾಲು ಈಗಿನ್ನ ಬಿಚ್ಯಾರ, ಏನು ಹಟ ಇದು?” ಎಂದಳು ಶಿವಬಸಮ್ಮ. ಅವನು ಕೇಳಲಿಲ್ಲ.

ಹಡಗಲಿ ರಸ್ತೆಯಲ್ಲಿ ಇಬ್ಬರೂ ಹೋದರು. ಜಂಬುನಾಥ ಎಂಜಿನ್ನಿನ ಸದ್ದು ಕೇಳುತ್ತಿದ್ದ. ಏರು ಬರುತ್ತಿದ್ದಂತೆ ಅವಳ ಹೆಗಲು ತಟ್ಟಿ, “ಇಲ್ಲೇ,” ಅಂದ. ಅವಳು ನಿಧಾನ ಮಾಡಿದಳು.

“ನಿಧಾನ ಬ್ಯಾಡ. ನಾ ಹೂವು ತರೋ ಹಂಗ ಹೋಗು.”

ಅವಳು ಆಕ್ಸಿಲರೇಟರು ತಿರುವಿದಳು. ಗಾಡಿ ಒಂದೇ ಸಮನೆ ಎಳೆದುಕೊಂಡು ಏರು ಹತ್ತಿತು. ಮೇಲೆ ಹೋಗಿ ತಿರುಗಿಸುವಾಗ ಜಂಬುನಾಥ ಕೇಳಿದ: “ಅವನ ಕೂಡ ಮಾತಾಡಿದ್ಯಾ?”

“ಇಲ್ಲ.”

“ಅಣ್ಣ ಅಂತಿದ್ದಿ.”

“ಈಗೂ ಬಾಯಿಗೆ ಅದಾ ಬರ್ತೈತಿ ಜಂಬಣ್ಣ. ಅದಕ್ಕಾ ಮಾತಾಡಿಲ್ಲ.”

ಗ್ಯಾರೇಜಿಗೆ ಬಂದು ಜಂಬುನಾಥ ಇಳಿದು ಕೋಲು ಊರಿಕೊಂಡ. ಅವಳು ಕೀಲಿ ಕೈಗಿಟ್ಟಳು. ಅವನು ತಗೊಂಡ, ಆದರೆ ಹೊರಡಲಿಲ್ಲ.

“ಏನೇನು ಹಾಕೀ ಅಂತ ಒಂದು ಹಾಳ್ಯಾಗ ಬರದು ಕೊಡು,” ಅಂದ. “ನಿನ್ನ ಕೈಲೆ ಬರಿ. ಕೆಳಗ ಸಹಿ ಹಾಕು.”

ಹತ್ತು ವರ್ಷದಲ್ಲಿ ಜಂಬುನಾಥ ಅವಳನ್ನು ಒಂದು ಚೀಟಿ ಕೇಳಿದವನಲ್ಲ. ಗಾಡಿ ನಿಲ್ಲಿಸಿ, ಸಂಜೆ ಬರ್ತೀನಿ ಎಂದು ಹೋಗುತ್ತಿದ್ದ. ಶಿವಬಸಮ್ಮ ಮುಖ ರಸ್ತೆಯ ಕಡೆ ತಿರುಗಿಸಿದಳು. ರೇಣುಕಾ ಕೈ ತೊಳೆದುಕೊಂಡು ಬಂದು, ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಪಿಸ್ಟನ್ನಿನಿಂದ ಹಿಡಿದು ಸೂಜಿಯ ಕ್ಲಿಪ್ಪು ಎಷ್ಟನೇ ಗೆರೆಯಲ್ಲಿದೆ ಅನ್ನುವವರೆಗೆ ಎಲ್ಲವನ್ನೂ ಬರೆದು ಸಹಿ ಹಾಕಿದಳು.

ಜಂಬುನಾಥ ತುಟಿ ಅಲುಗಿಸುತ್ತ ಸಾಲು ಸಾಲಾಗಿ ಓದಿದ. ಒಂದು ಕಡೆ ಬೆರಳಿಟ್ಟು ಇದೇನು ಎಂದು ಕೇಳಿದ, ಅವಳು ಹೇಳಿದಳು. ಇನ್ನೊಂದು ಕಡೆ ಕೇಳಿದ, ಅದನ್ನೂ ಹೇಳಿದಳು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿಗಿಟ್ಟು ಗುಂಡಿ ಹಾಕಿಕೊಂಡ.

“ಸೋಮವಾರ ಬ್ರೇಕ್ ನೋಡ್ಸಾಕ ಬರ್ತೀನಿ,” ಅಂದ. “ಅದನ್ನೂ ಬರದು ಕೊಡು.”